ಕಾನೂನಿನ ಪುಸ್ತಕವನ್ನು ತಾಲೂಕು ಕಚೇರಿಯ ಬೆಂಚಿನಲ್ಲಿ ಕೂತು ಓದಿದರೆ

ನಮಸ್ಕಾರ. ಈ ಸಲ ಪುಸ್ತಕಗಳ ಬಗ್ಗೆ ಮಾತಾಡೋಣ. ಕಾನೂನು, ಮಾನವ ಹಕ್ಕು, ಸರ್ಕಾರದ ನೀತಿ ಅಂತ ವಿಶ್ವವಿದ್ಯಾಲಯದವರು ಬರೆಯುವ ದಪ್ಪ ಪುಸ್ತಕಗಳು. ಜುಲೈ ಮಳೆಗೆ ಕರೆಂಟ್ ಹೋದ ಮಡಿಕೇರಿಯಲ್ಲಿ ಕೂತು ಇದನ್ನೆಲ್ಲ ಯಾರು ಓದುತ್ತಾರೆ ಅಂತೀರಾ? ನನ್ನ ಪ್ರಕಾರ ಮೊದಲು ಓದಬೇಕಾದವರು ನಾವೇ. ನಮ್ಮ ಕೊಡಗು ಇಷ್ಟು ಸಣ್ಣ ಜಿಲ್ಲೆ, ಕಾನೂನಿನ ಗೋಜಲು ಮಾತ್ರ ಎಷ್ಟೊಂದು! ಜಮ್ಮಾ ಬಾಣೆಗೆ, ಅಂದರೆ ವಂಶಪಾರಂಪರ್ಯವಾಗಿ ಬಂದ ಗದ್ದೆಗೆ ಸೇರಿದ ಕಾಡುಜಾಗಕ್ಕೆ, ಬೇರೆಯೇ ಲೆಕ್ಕ. ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ, ಅದರ ಮೇಲೂ ಕೇಸ್ ನಡೆದು 2021ರಲ್ಲಿ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ದೇವರಕಾಡು, ಹುಲಿ ಸಂರಕ್ಷಿತ ಪ್ರದೇಶ, ತೋಟದ ಕೆಲಸಗಾರರು ಇರುವ ಲೈನ್‌ಮನೆ. ಎಲ್ಲದಕ್ಕೂ ಎಲ್ಲೋ ಒಂದು ಫೈಲ್ ಇದೆ.

ಇಂಥ ಪುಸ್ತಕಗಳಲ್ಲಿ ಬಹಳಷ್ಟು ನನಗೆ ರುಚಿಸುವುದಿಲ್ಲ. ಸುಪ್ರೀಂ ಕೋರ್ಟ್ ಏನು ಹೇಳಿತು, ಏನು ಹೇಳಬೇಕಿತ್ತು, ಮುಗೀತು. ಆದರೆ ಈಚಿನ ವರ್ಷಗಳಲ್ಲಿ ಬೇರೆ ಥರದವೂ ಬರುತ್ತಿವೆ. ರೋಹಿತ್ ಡೇ ಅವರ 'ಎ ಪೀಪಲ್ಸ್ ಕಾನ್ಸ್ಟಿಟ್ಯೂಷನ್' 2018ರಲ್ಲಿ ಬಂತು. ಸಂವಿಧಾನವನ್ನು ಮೊದಲು ಕೈಗೆತ್ತಿಕೊಂಡು ಕೋರ್ಟಿಗೆ ಹೋದವರಲ್ಲಿ ಕಸಾಯಿಗಳು, ವೇಶ್ಯಾವೃತ್ತಿಯ ಹೆಂಗಸರು, ಸಣ್ಣ ವ್ಯಾಪಾರಿಗಳೂ ಇದ್ದರು ಅಂತ ತೋರಿಸುವ ಪುಸ್ತಕ. ಒಳ್ಳೆಯದೇ. ಆದರೆ ಅದು ಕೋರ್ಟ್ ಮೆಟ್ಟಿಲು ಹತ್ತಿದವರ ಕಥೆ. ನಮ್ಮಲ್ಲಿ ಜಾಸ್ತಿ ಜನ ತಾಲೂಕು ಕಚೇರಿಯ ಬೆಂಚು ದಾಟಿಯೇ ಹೋಗುವುದಿಲ್ಲ.

ನಾನು ಹೇಳಬೇಕೆಂದಿರುವುದು ಮಾನವಶಾಸ್ತ್ರಜ್ಞೆ ನಯನಿಕಾ ಮಾಥುರ್ ಅವರ 'ಪೇಪರ್ ಟೈಗರ್' ಬಗ್ಗೆ. 2016ರದ್ದು. ಉತ್ತರಾಖಂಡದ ಚಮೋಲಿ ಜಿಲ್ಲೆಯ ಸರ್ಕಾರಿ ಕಚೇರಿಗಳಲ್ಲಿ ಕೂತು, ಕಾಗದ ಹೇಗೆ ಓಡಾಡುತ್ತದೆ ಅಂತ ನೋಡಿ ಬರೆದದ್ದು. ಉದ್ಯೋಗ ಖಾತರಿ ಯೋಜನೆಯಲ್ಲಿ ಕಳ್ಳತನ ತಡೆಯೋಣ ಅಂತ ಹತ್ತಾರು ದಾಖಲೆ ಕಡ್ಡಾಯ ಮಾಡಿದರು. ಕೊನೆಗೆ ಆ ದಾಖಲೆ ಬರೆಯುವ ಭಾರಕ್ಕೇ ಕೆಲಸ ನಿಂತಿತು. ಅದೇ ಪುಸ್ತಕದ ಇನ್ನೊಂದು ಅಧ್ಯಾಯದಲ್ಲಿ ಒಂದು ಚಿರತೆ ಜನರನ್ನು ಕೊಲ್ಲುತ್ತದೆ. ಅದನ್ನು ಹೊಡೆಯಲು ಅನುಮತಿ ಪತ್ರ ಬರಬೇಕು. ಊರು ವಾರಗಟ್ಟಲೆ ಕಾಯುತ್ತದೆ. 2021ರ ಫೆಬ್ರವರಿ, ಮಾರ್ಚಿನಲ್ಲಿ ನಮ್ಮ ಪೊನ್ನಂಪೇಟೆ ಕಡೆ ಹುಲಿ ಜನರನ್ನು ಕೊಂದಾಗ ತೋಟಕ್ಕೆ ಹೋಗಲು ಹೆದರಿದವರಿಗೆ ಈ ಭಾಗವನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಈ ಪುಸ್ತಕ ಒಂದು ಸುಲಭದ ಉತ್ತರವನ್ನು ಕಿತ್ತುಕೊಳ್ಳುತ್ತದೆ. ಕೆಲಸ ಆಗದಿದ್ದರೆ ನಾವು ಏನಂತೀವಿ? 'ಲಂಚ ಕೇಳ್ತಾರೆ, ಅದಕ್ಕೇ.' ಲಂಚ ಇಲ್ಲ ಅಂತ ನಾನೂ ಹೇಳುವುದಿಲ್ಲ. ಆದರೆ ಲಂಚ ಮುಟ್ಟದ ಅಧಿಕಾರಿಯ ಮೇಜಿನ ಮೇಲೂ ಫೈಲ್ ಕೂತಿರುತ್ತದೆ. ಯಾಕೆಂದರೆ ನಾಳೆ ಯಾರಾದರೂ ಕೇಳಿದರೆ ತೋರಿಸಲು ಅವರಿಗೂ ಒಂದು ಕಾಗದ ಬೇಕು.

ಇದನ್ನು ಅರಣ್ಯ ಹಕ್ಕು ಕಾಯ್ದೆಗೆ ಹಚ್ಚಿ ನೋಡಿ. ಕಾಡಿನಲ್ಲಿ ತಲೆತಲಾಂತರದಿಂದ ಬದುಕಿದವರಿಗೆ ಆ ಜಾಗದ ಮೇಲೆ ಹಕ್ಕು ಕೊಡುವ 2006ರ ಕಾಯ್ದೆ. ಕಾಡಿನ ಜನರಿಗೆ ಹಿಂದೆ ಅನ್ಯಾಯ ಆಗಿದೆ ಅಂತ ಕಾಯ್ದೆಯ ಮುನ್ನುಡಿಯೇ ಒಪ್ಪಿಕೊಳ್ಳುತ್ತದೆ. ಹಕ್ಕು ಕೇಳುವವರು ಕೊಡಬಹುದಾದ ಪುರಾವೆಯ ಪಟ್ಟಿಯನ್ನು ನಿಯಮಗಳಲ್ಲಿ ಓದಿ. ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಪುರಾವೆ. ಹಳೇ ಬಾವಿ, ಸ್ಮಶಾನ, ದೇವರ ಜಾಗ, ಅವೂ ಪುರಾವೆ. ಇಂಥದ್ದೇ ದಾಖಲೆ ತನ್ನಿ ಅಂತ ಅರ್ಜಿ ಪರಿಶೀಲಿಸುವ ಉಪವಿಭಾಗ, ಜಿಲ್ಲಾ ಮಟ್ಟದ ಸಮಿತಿಗಳು ಹಟ ಹಿಡಿಯಬಾರದು ಅಂತ 2012ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. ಅರ್ಜಿಯ ಪರಿಶೀಲನೆ ಮುಗಿಯುವ ತನಕ ಅವರನ್ನು ಜಾಗದಿಂದ ಎಬ್ಬಿಸುವಂತೆಯೂ ಇಲ್ಲ. ಇಷ್ಟೆಲ್ಲ ಇದ್ದೂ 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಹಾಡಿಯಲ್ಲಿ, ಅಂದರೆ ಆದಿವಾಸಿಗಳ ಕೇರಿಯಲ್ಲಿ, ಅರಣ್ಯ ಇಲಾಖೆಯ ತೆರವಿಗೆ ಗುಡಿಸಲುಗಳು ನೆಲ ಕಚ್ಚಿದವು. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕಾಡೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಆದಿವಾಸಿ ಜೇನುಕುರುಬ ಕುಟುಂಬಗಳು ಮರಳಿ ಹೋದಾಗ ಅದೇ ಜಗಳ. ಇದು ನಮ್ಮ ಹಾಡಿ ಅಂತ ಅವರು. ಇಲ್ಲಿ ವಾಸ ಇದ್ದದ್ದಕ್ಕೆ ದಾಖಲೆ ಎಲ್ಲಿ ಅಂತ ಅರಣ್ಯ ಇಲಾಖೆ. ಕಾಡಿನಿಂದ ಹೊರಹಾಕಿಸಿಕೊಂಡವರು ಕಾಡೊಳಗೆ ವಾಸ ಇದ್ದ ದಾಖಲೆ ಎಲ್ಲಿಂದ ತರಬೇಕು? ಅಜ್ಜಿ ಬಂದು 'ನಮ್ಮ ಹಿರಿಯರನ್ನು ಇಲ್ಲೇ ಮಣ್ಣು ಮಾಡಿದ್ದೇವೆ' ಅಂದರೆ ಕಾಯ್ದೆಗೆ ಅದು ಪುರಾವೆ. ಸಹಿ ಹಾಕಬೇಕಾದ ಅಧಿಕಾರಿಗೆ ಮಾತ್ರ ಅಷ್ಟರಿಂದ ಧೈರ್ಯ ಬರುವುದಿಲ್ಲ.

ಆದರೆ ಚಮೋಲಿಯ ಪುಸ್ತಕವನ್ನು ಹಾಗೇ ತಂದು ಇಲ್ಲಿಗೆ ಅಂಟಿಸಲು ಆಗುವುದಿಲ್ಲ. ಅಲ್ಲಿ ಜನ, ಕಚೇರಿ, ಇಬ್ಬರೇ ಎದುರುಬದುರು. ಇಲ್ಲಿ ಮಧ್ಯೆ ಕಾಫಿ ತೋಟ ಇದೆ. ಲೈನ್‌ಮನೆಯಲ್ಲಿ ಇರುವ ಆದಿವಾಸಿ ಎರವರ ಕುಟುಂಬಕ್ಕೆ ಮನೆಯೂ ತೋಟದ ಸಾಹುಕಾರರದ್ದು, ವಿಳಾಸವೂ ಅವರದ್ದೇ. ರೇಷನ್ ಕಾರ್ಡಿಗೆ ವಿಳಾಸದ ಚೀಟಿ ಬೇಕೆಂದರೆ ಮೊದಲು ಹೋಗಬೇಕಾದದ್ದು ತೋಟದ ಮನೆಯ ಅಂಗಳಕ್ಕೆ. ಅಂಥ ಸಾಹುಕಾರರಲ್ಲಿ ಕೆಲವರು ನಮ್ಮ ನೆಂಟರೇ. ಹಾಗಾಗಿ ಈ ಮಾತು ಮದುವೆ ಮನೆಯಲ್ಲಿ ಆಡಿದರೆ ಊಟ ಸಪ್ಪೆಯಾಗುತ್ತದೆ. ಆದರೂ ಈ ಅಂಗಳದ ಬಗ್ಗೆ ಅಂಥದ್ದೊಂದು ಪುಸ್ತಕ ಬರಬೇಕು. ಬರೆಯುವವರು ಇಲ್ಲಿಯವರೇ ಆದರೆ ಇನ್ನೂ ಒಳ್ಳೆಯದು.

ಬೆಲೆಯ ವಿಷಯ ಎತ್ತಿದರೆ ಸಿಟ್ಟೇ ಬರುತ್ತದೆ. ಗಟ್ಟಿ ರಟ್ಟಿನ ಪ್ರತಿಗೆ ಸಾವಿರಗಟ್ಟಲೆ ರೂಪಾಯಿ, ಅದೂ ಇಂಗ್ಲಿಷಿನಲ್ಲಿ. ಬಡವರ ಹಕ್ಕಿನ ಪುಸ್ತಕ ಕೊಳ್ಳಲು ಕಾಫಿಗೆ ಒಳ್ಳೆ ರೇಟ್ ಬರುವ ತನಕ ಕಾಯಬೇಕು! ಚಿಕ್ಕಅಳುವಾರದಲ್ಲಿ ಈಗ ಕೊಡಗು ವಿಶ್ವವಿದ್ಯಾಲಯ ಇದೆ. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಬಂದಾಗ ಅದರ ಹೆಸರೂ ಪಟ್ಟಿಯಲ್ಲಿತ್ತು. ಅಲ್ಲಿನ ಮೇಷ್ಟ್ರುಗಳಿಗೆ ನನ್ನದೊಂದು ಬೇಡಿಕೆ. ಇಡೀ ಪುಸ್ತಕ ಬೇಡ. ಚಿರತೆಯ ಆ ಒಂದು ಅಧ್ಯಾಯದ ಸಾರವನ್ನು ಒಪ್ಪಿಗೆ ಪಡೆದು ಕನ್ನಡಕ್ಕೆ ತನ್ನಿ. ಜೊತೆಗೆ ಅರಣ್ಯ ಹಕ್ಕು ನಿಯಮಗಳ ಆ ಪುರಾವೆಯ ಪಟ್ಟಿ, ಒಂದೇ ಹಾಳೆಯಲ್ಲಿ, ದಪ್ಪ ಅಕ್ಷರದಲ್ಲಿ. ಗ್ರಾಮಸಭೆಗೆ ಹೋಗುವವರು ಅದನ್ನು ಜೇಬಿನಲ್ಲಿ ಇಟ್ಟುಕೊಳ್ಳಲಿ. ದಾಖಲೆ ಎಲ್ಲಿ ಅಂತ ಕೇಳಿದವರಿಗೆ ಅವರೂ ಒಂದು ಕಾಗದ ತೋರಿಸಬಹುದು.