ಪರದೆಯಾಚೆಗಿನ ಕಿವಿ

ಕೇಳುಗರಿಗೆ ನಮಸ್ಕಾರ.

ಭಾನುವಾರದ ಪತ್ರಿಕೆಯ ವಧೂವರ ಅಂಕಣ ಓದುವುದು ನನಗೊಂದು ಚಟ. ಮದುವೆಯ ವಯಸ್ಸು ದಾಟಿ ಎಷ್ಟೋ ಕಾಲವಾಯಿತು, ಚಟ ಮಾತ್ರ ಹೋಗಿಲ್ಲ. ‘ಬೆಳ್ಳಗೆ, ತೆಳ್ಳಗೆ ಇರುವ ಸುಂದರ ವಧು ಬೇಕು’ ಎನ್ನುವವರು ತಮ್ಮ ಹುಡುಗನ ಸಂಬಳ ಹೇಳುತ್ತಾರೆ, ಸ್ವಂತ ಮನೆ ಇದೆ ಎನ್ನುತ್ತಾರೆ. ಅವನ ಮೈಬಣ್ಣದ ಸುದ್ದಿಯೇ ಇರುವುದಿಲ್ಲ!

ಒಬ್ಬರಿಗೆ ಕೆಂಪನೆಯ ಮೈ ಇಷ್ಟ, ಇನ್ನೊಬ್ಬರಿಗೆ ಎಣ್ಣೆಗಪ್ಪು, ಮತ್ತೊಬ್ಬರಿಗೆ ಗುಂಗುರು ಕೂದಲು. ಕಣ್ಣಿಗೆ ಹಿಡಿಸಿದ್ದು ಹಿಡಿಸಿತು, ಅದಕ್ಕೆ ಯಾರೂ ಕ್ಷಮೆ ಕೇಳಬೇಕಿಲ್ಲ. ನನ್ನ ತಕರಾರು ಇಷ್ಟದ ಮೇಲಲ್ಲ. ಅದನ್ನು ಎಲ್ಲಿ ಕೂತು, ಯಾರ ಕಿವಿಗೆ ಬೀಳುವಂತೆ ಆಡುತ್ತೇವೆ ಎಂಬುದರ ಮೇಲೆ.

ಹೆಣ್ಣು ನೋಡುವ ಶಾಸ್ತ್ರ ನೀವೂ ನೋಡಿರುತ್ತೀರಿ. ಉಪ್ಪಿಟ್ಟು, ಕೇಸರಿಬಾತು ಮುಗಿದಿದೆ. ಹುಡುಗಿ ಕಾಫಿ ಕೊಟ್ಟು ಒಳಗೆ ಹೋಗಿದ್ದಾಳೆ. ಬಂದವರಲ್ಲೊಬ್ಬ ಅತ್ತೆ ಲೋಟ ಕೆಳಗಿಡುತ್ತ, ‘ಫೋಟೋದಲ್ಲಿ ಇನ್ನೂ ಸ್ವಲ್ಪ ಬೆಳ್ಳಗೆ ಕಾಣ್ತಿದ್ಲು, ಅಲ್ವಾ?’ ಅನ್ನುತ್ತಾರೆ. ನಡುಮನೆಗೂ ಕೋಣೆಗೂ ನಡುವೆ ಇರುವುದು ಒಂದು ಪರದೆ. ಅತ್ತೆಯವರಿಗೆ ಅದು ಕ್ಷಣದ ಮಾತು. ಒಳಗಿರುವವಳು ಮರುದಿನ ಕನ್ನಡಿ ನೋಡುವಾಗ ಆ ಮಾತು ಅಲ್ಲೇ ಇರುತ್ತದೆ. ಇನ್ನು ಹುಡುಗನ ನೆತ್ತಿ ಬೋಳಾಗುತ್ತಿರುವುದನ್ನು ಹುಡುಗಿಯ ಕಡೆಯವರು ಗಮನಿಸಿಲ್ಲವೆಂದಲ್ಲ. ಅವರು ಅದನ್ನು ಆಡಿಕೊಳ್ಳುವುದು ಬಂದವರ ಕಾರು ತಿರುವು ದಾಟಿದ ಮೇಲೆ.

ಹೊಟ್ಟೆಯಲ್ಲಿರುವ ಮಗುವನ್ನೂ ನಾವು ಬಿಟ್ಟವರಲ್ಲ. ಮಗು ಬೆಳ್ಳಗಾಗಲೆಂದು ಬಸುರಿಗೆ ಕೇಸರಿ ಹಾಲು. ಹುಟ್ಟಿದ ಮೇಲೆ, ಮುಂದೆ ಯಾವ ಬಣ್ಣ ಬರುತ್ತದೆಂದು ಕಿವಿಯ ಅಂಚು ನೋಡುವುದು. ಚರ್ಮದ ಬಣ್ಣ ತೀರ್ಮಾನವಾಗುವುದು ಮೆಲನಿನ್ ಎಂಬ ವರ್ಣದ್ರವ್ಯದಿಂದ, ಅದು ಎಷ್ಟಿರಬೇಕೆಂಬುದು ಬಹುಮಟ್ಟಿಗೆ ಅಪ್ಪ ಅಮ್ಮನ ಕಡೆಯಿಂದ ಬರುವ ಬಳುವಳಿ. ಕೇಸರಿಯಿಂದ ಬಣ್ಣ ಬರುವುದು ಹಾಲಿಗೆ ಮಾತ್ರ.

ಇಷ್ಟಗಳು ಪೂರ್ತಿ ನಮ್ಮವೇ ಅಂತಲೂ ಹೇಳಲಾಗದು, ನೀರೆರೆದವರು ಬೇರೆ ಇದ್ದಾರೆ. ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಮುಖ ಬೆಳ್ಳಗಾದ ಕೂಡಲೇ ಕೆಲಸ ಸಿಗುವ, ವರ ಸಿಗುವ ಕತೆಗಳನ್ನು ದಶಕಗಳ ಕಾಲ ನೋಡಿದೆವು. ಕಪ್ಪಗಿರುವವರನ್ನು ಸೋತವರಂತೆ, ದುಃಖಿಗಳಂತೆ ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿ ಹೇಳಿದ್ದು 2014ರಲ್ಲಿ. 2020ರಲ್ಲಿ ಆ ಕ್ರೀಮು ಹೆಸರು ಬದಲಿಸಿಕೊಂಡು ಗ್ಲೋ ಅಂಡ್ ಲವ್ಲಿ ಆಯಿತು. ಅದೇ ವರ್ಷ, ಬಳಕೆದಾರರು ಆಕ್ಷೇಪಿಸಿದ ಮೇಲೆ, ಶಾದಿ ಡಾಟ್ ಕಾಮ್ ಮೈಬಣ್ಣ ಆರಿಸುವ ಸೌಲಭ್ಯವನ್ನು ತೆಗೆದುಹಾಕಿತು. ಪತ್ರಿಕೆಯ ಅಂಕಣಕ್ಕೆ ಆ ಗಾಳಿ ಇನ್ನೂ ಪೂರ್ತಿ ಬೀಸಿಲ್ಲ.

ಹಿಂದಿನವರ ಕಣ್ಣು ಬೇರೆಯೇ ಇತ್ತು. ಮಹಾಭಾರತದ ದ್ರೌಪದಿ ಕಪ್ಪು ಮೈಯವಳು, ಕೃಷ್ಣೆ ಎಂಬ ಹೆಸರೇ ಅದರಿಂದ ಬಂದದ್ದು. ಅವಳ ಸ್ವಯಂವರಕ್ಕೆ ರಾಜರೆಲ್ಲ ಓಡಿ ಬಂದರು. ಬೇಲೂರಿನ ದರ್ಪಣಸುಂದರಿಯನ್ನೇ ನೋಡಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿಯವಳು, ಬಳಪದ ಕಲ್ಲಿನವಳು, ಕೈಯಲ್ಲಿ ಕನ್ನಡಿ. ತುಂಬಿದ ಮೈ, ಅಗಲವಾದ ಸೊಂಟ. ಇಂದು ಅವಳ ಫೋಟೋ ಕಳಿಸಿದರೆ ‘ಹುಡುಗಿ ಸ್ವಲ್ಪ ದಪ್ಪ’ ಎಂದು ನಮ್ಮ ಅತ್ತೆಯವರು ವಾಪಸು ಕಳಿಸಿಯಾರು.

‘ಹಾಗಾದರೆ ಒಪ್ಪಿಗೆಯಾಗದಿದ್ದರೆ ಹೇಳುವುದು ಹೇಗೆ ಮಾರಾಯ್ರೇ?’ ಅಂತ ನೀವು ಕೇಳಬಹುದು. ಅದಕ್ಕೆ ನಮ್ಮ ಹಿರಿಯರು ದಾರಿ ಮಾಡಿಟ್ಟಿದ್ದಾರೆ. ನಾಲ್ಕು ದಿನ ಬಿಟ್ಟು ದಲ್ಲಾಳಿಯ ಕೈಲಿ ‘ಜಾತಕ ಕೂಡಿಬರಲಿಲ್ಲ’ ಎಂದು ಹೇಳಿಸುವುದು. ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ನಾನು ಜಾತಕ ನಂಬುವವನಲ್ಲ, ಆದರೆ ಈ ಸುಳ್ಳಿನ ಮೇಲೆ ನನಗೆ ಬಹಳ ಗೌರವ. ಶನಿ, ಕುಜರ ಮೇಲೆ ಹೊರಿಸಿದರೆ ಅವರೇನೂ ಮರುದಿನ ಕನ್ನಡಿ ಮುಂದೆ ನಿಲ್ಲುವವರಲ್ಲ.

ನಮಸ್ಕಾರ.