ಎಲುಬು ಒಪ್ಪಿಕೊಳ್ಳುವ ಸೆರಾಮಿಕ್

ಧಾರವಾಡ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ನವಲಗುಂದ, ಕುಂದಗೋಳದ ಹೊಲಗಳಲ್ಲಿ ದುಡಿದು ಟೊಂಕದ ಕೀಲು ಸವೆದ ಹಿರಿಯರೇ, ಅವರನ್ನು ಆಸ್ಪತ್ರೆಗೆ ಕರೆದೊಯ್ಯುವ ಮಕ್ಕಳೇ, ಸವೆದ ಕೀಲು, ಕೆಟ್ಟ ಎಲುಬಿನ ಜಾಗದಲ್ಲಿ ಡಾಕ್ಟರು ಇಡುವ ಸೆರಾಮಿಕ್ ವಸ್ತುಗಳ ಬಗ್ಗೆ ಇವತ್ತಿನ ಮಾತು, ನಿಮಗಾಗಿ.

"ಮೈಯೊಳಗೆ ಪಿಂಗಾಣಿ ಇಡ್ತಾರಂತೆ, ಒಡೆಯೋದಿಲ್ವಾ?" ಹೋದಲ್ಲೆಲ್ಲ ಇದೇ ಪ್ರಶ್ನೆ. ದಯವಿಟ್ಟು ಚಹಾದ ಕಪ್ಪು-ಬಸಿಯನ್ನು ಮರೆತುಬಿಡಿ. ಸೆರಾಮಿಕ್ ಅಂದರೆ ಪಿಂಗಾಣಿಯ ಮನೆತನದ, ಲೋಹವಲ್ಲದ ಗಟ್ಟಿ ವಸ್ತು. ನಾನು ಹೇಳುವುದು ಒಂದೇ ಮಾತು: ತಕ್ಕ ಸೆರಾಮಿಕ್ಕನ್ನು ನಮ್ಮ ಮೈ ಹೊರಗಿನದೆಂದು ದೂರ ತಳ್ಳುವುದಿಲ್ಲ. ಯಾಕೆಂದರೆ ಎಲುಬಿನ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖನಿಜವೇ. ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿದ ಈ ಖನಿಜ ಹೈಡ್ರಾಕ್ಸಿಅಪಟೈಟ್ ಜಾತಿಯದು. ಅದೂ ಒಂದು ಸೆರಾಮಿಕ್ಕೇ ಅಲ್ವಾ?

ನನಗೆ ಬಹಳ ಇಷ್ಟದ ಕಥೆಯೊಂದಿದೆ. 1967ರಲ್ಲಿ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ವಿಜ್ಞಾನಿ ಲ್ಯಾರಿ ಹೆಂಚ್ ಒಂದು ಸಮ್ಮೇಳನಕ್ಕೆ ಬಸ್ಸಿನಲ್ಲಿ ಹೊರಟಿದ್ದರು. ಪಕ್ಕದಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿದ್ದ ಒಬ್ಬ ಕರ್ನಲ್. ವಿಕಿರಣ ತಾಳುವ ವಸ್ತುಗಳ ಬಗ್ಗೆ ಹೆಂಚ್ ಉತ್ಸಾಹದಿಂದ ಹೇಳುತ್ತಿದ್ದರು. ಕರ್ನಲ್ ಕೇಳಿದರು: ಹಾಗಾದರೆ ಮನುಷ್ಯನ ಮೈಯೊಳಗೆ ಬಾಳುವ ವಸ್ತು ಮಾಡಬಲ್ಲಿರಾ? ಲೋಹ, ಪ್ಲಾಸ್ಟಿಕ್ ಇಟ್ಟರೆ ಮೈ ಒಪ್ಪುತ್ತಿಲ್ಲ, ಸೈನಿಕರು ಕೈಕಾಲು ಕಳೆದುಕೊಳ್ಳುತ್ತಿದ್ದಾರೆ. ಆ ಪ್ರಶ್ನೆ ಹೆಂಚ್ ಅವರನ್ನು ಬಿಡಲಿಲ್ಲ. 1969ರಲ್ಲಿ ಸಿಲಿಕಾ, ಸೋಡಿಯಂ, ಕ್ಯಾಲ್ಸಿಯಂ, ರಂಜಕ ಸೇರಿಸಿ ಒಂದು ಗಾಜು ಮಾಡಿದರು. ಗಾಜೂ ಈ ಸೆರಾಮಿಕ್ ಮನೆತನದ್ದೇ. ಅದರ ಚೂರುಗಳನ್ನು ಇಲಿಗಳ ತೊಡೆ ಎಲುಬಿನಲ್ಲಿ ಇಟ್ಟರು. ಆರು ವಾರ ಕಳೆದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ! ಸರ್ಜನ್ ತಳ್ಳಿದರು, ಬಡಿದರು. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಗಾಜಿನ ಮೇಲೆ ಎಲುಬಿನಂಥದೇ ಖನಿಜದ ಪದರ ಮೂಡಿ, ಎಲುಬು ಅದನ್ನು ಹಿಡಿದುಕೊಂಡಿತ್ತು. ಅದೇ ಬಯೋಗ್ಲಾಸ್. ನೋಡಿ, ಮೈ ತಳ್ಳಲಿಲ್ಲ!

ಸಮಯ ಓಡುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಟೊಂಕದ ಕೀಲಿನಲ್ಲಿ ಒಂದು ಬಟ್ಟಲು, ಅದರೊಳಗೆ ತಿರುಗುವ ಒಂದು ದುಂಡನೆಯ ಗುಂಡು ಇರುತ್ತದೆ. ಆ ಗುಂಡು ಮಾಡಲು ಅಲ್ಯೂಮಿನಾದಂಥ ಗಟ್ಟಿ ಸೆರಾಮಿಕ್ ಒಪ್ಪುತ್ತದೆ. ಅದು ಎಲುಬಿಗೆ ಅಂಟಬೇಕಿಲ್ಲ, ನುಣ್ಣಗೆ ಜಾರಬೇಕು, ಕಡಿಮೆ ಸವೆಯಬೇಕು. ಫ್ರಾನ್ಸಿನಲ್ಲಿ 1970ರಿಂದಲೇ ಇದನ್ನು ಬಳಸಿದ್ದಾರೆ. ಹಲ್ಲಿನ ಕ್ಯಾಪಿಗೆ ಜಿರ್ಕೋನಿಯಾ ಎಂಬ ಇನ್ನೊಂದು ಸೆರಾಮಿಕ್. ಎಲುಬಿನಲ್ಲಿ ಬಿದ್ದ ಗುಂಡಿ ತುಂಬಲು ಟ್ರೈಕ್ಯಾಲ್ಸಿಯಂ ಫಾಸ್ಫೇಟ್. ಇದು ನಿಧಾನವಾಗಿ ಕರಗಿ ಹೊಸ ಎಲುಬಿಗೆ ಜಾಗ ಬಿಡುತ್ತದೆ. ಒತ್ತಿದರೆ ಸೆರಾಮಿಕ್ ಚೆನ್ನಾಗಿ ತಾಳುತ್ತದೆ, ಬಾಗಿಸಿದರೆ ತಾಳದು. ಅದಕ್ಕೇ ತೊಡೆ ಎಲುಬಿನೊಳಗೆ ಇಳಿಸುವ ಕಂಬಿ ಲೋಹದ್ದು, ಹೆಚ್ಚಾಗಿ ಟೈಟಾನಿಯಂನದು. ಎಷ್ಟೋ ಸಲ ಅದಕ್ಕೆ ಹೈಡ್ರಾಕ್ಸಿಅಪಟೈಟ್ ಲೇಪ ಹಚ್ಚಿರುತ್ತಾರೆ, ಎಲುಬು ಹಿಡಿದುಕೊಳ್ಳಲಿ ಎಂದು.

ಆಪರೇಷನ್ನಿಗೆ ಹೂಂ ಅನ್ನುವ ಮುಂಚೆ, ಗುಂಡು ಯಾವುದರದು, ಬಟ್ಟಲು ಯಾವುದರದು ಎಂದು ಡಾಕ್ಟರನ್ನು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಸುಮ್ನೆ ಹೆದರಿ ನೋವು ತಿನ್ನಬೇಡಿ. ನಮಸ್ಕಾರ.