ಪಾಠ ಹೇಳುವ ಗಂಟಲು

ಕೇಳುಗರಿಗೆಲ್ಲ ನಮಸ್ಕಾರ.

ಹಾಡುಗಾರಿಕೆಯಲ್ಲೇ ಜೀವನ ಮಾಡುತ್ತೇವೆ ಅಂತ ಹೊರಡುವ ಹುಡುಗ ಹುಡುಗಿಯರು ಮೈಸೂರಿನಲ್ಲಿ ಈಗಲೂ ಇದ್ದಾರೆ. ಸಂತೋಷದ ವಿಷಯ. ಕೃತಿಗಳನ್ನು ರಚಿಸಿ ಹಾಡಿದ ಮೈಸೂರು ವಾಸುದೇವಾಚಾರ್ಯರು ಸಂಗೀತವನ್ನು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಹತ್ತಿರ ಕಲಿತು ಬಂದದ್ದು ಅರಮನೆಯ ನೆರವಿನಲ್ಲಿ. ಆಮೇಲೆ ಆಸ್ಥಾನ ವಿದ್ವಾಂಸರಾದರು. ಈಗ ಆ ಕಾಲ ಇಲ್ಲ. ರಾಮನವಮಿ, ಗಣೇಶೋತ್ಸವ, ದಸರಾ ಅಂತ ಕಛೇರಿಗಳು ಬರುತ್ತವೆ, ಮುಗಿಯುತ್ತವೆ. ಮನೆ ಬಾಡಿಗೆ ಮಾತ್ರ ತಿಂಗಳು ತಿಂಗಳೂ ಕಟ್ಟಬೇಕು, ಅಲ್ವಾ? ಅದಕ್ಕೆ ಆಗುವುದು ಪಾಠದ ಫೀಸು.

ಸಂಗೀತದ ದೊಡ್ಡ ಪರೀಕ್ಷೆ ವಿದ್ವತ್ ಮುಗಿಸಿದವರಿಗೆ ರಾಗ ಗೊತ್ತು, ತಾಳ ಗೊತ್ತು. ಸಂಜೆ ಪೂರ್ತಿ ಪಾಠ ಹೇಳಿ ಗಂಟಲು ಉಳಿಸಿಕೊಳ್ಳುವುದು ಹೇಗೆ ಅನ್ನುವುದು ಮಾತ್ರ ಯಾವ ಪರೀಕ್ಷೆಯಲ್ಲೂ ಬಂದಿರುವುದಿಲ್ಲ. ಇವತ್ತು ಅದನ್ನೇ ಮಾತಾಡುತ್ತೇನೆ.

ಶ್ರುತಿ ಎಷ್ಟು ಎತ್ತರ ಅನ್ನುವುದನ್ನು ಕಟ್ಟೆಯ ಲೆಕ್ಕದಲ್ಲಿ ಹೇಳುತ್ತೇವೆ. ಒಂದು ಕಟ್ಟೆ ಶ್ರುತಿಯಲ್ಲಿ ಹಾಡುವ ಮೇಷ್ಟ್ರು ಇದ್ದಾರೆ ಅನ್ನಿ. ಪಾಠಕ್ಕೆ ಬರುವ ಹೆಣ್ಣುಮಕ್ಕಳ ಶ್ರುತಿ ಐದು ಕಟ್ಟೆ. ಆ ಮಕ್ಕಳ ಷಡ್ಜ, ಅಂದರೆ ‘ಸ’, ಮೇಷ್ಟ್ರ ಪಂಚಮ, ಅಂದರೆ ‘ಪ’. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಅಂದರೆ ಮೊದಲ ಸ್ವರಪಾಠ, ಶುರುವಾಯಿತು. ಮಕ್ಕಳು ಮೇಲಿನ ಷಡ್ಜ ಮುಟ್ಟುವ ಹೊತ್ತಿಗೆ ಮೇಷ್ಟ್ರು ತಮ್ಮ ತಾರಸ್ಥಾಯಿಯ, ಅಂದರೆ ಮೇಲಿನ ಸ್ಥಾಯಿಯ, ಪಂಚಮದಲ್ಲಿ ಇರುತ್ತಾರೆ! ಕಛೇರಿಯಲ್ಲಿ ಅಪರೂಪಕ್ಕೆ ಮುಟ್ಟುವ ಸ್ವರ ಅದು. ಇಲ್ಲಿ ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಒಂದು ಬ್ಯಾಚ್ ಆದಮೇಲೆ ಇನ್ನೊಂದಕ್ಕೆ. ಗಂಟಲು ಕಟ್ಟದೆ ಇನ್ನೇನು?

ಇದಕ್ಕೆ ದಾರಿ ಇದೆ. ಅದೇ ವರಸೆಯನ್ನು ಒಂದು ಸ್ಥಾಯಿ ಕೆಳಗೆ, ತಮ್ಮ ಮಂದ್ರ, ಅಂದರೆ ಕೆಳಗಿನ ಸ್ಥಾಯಿಯ, ಪಂಚಮದಿಂದ ಹಾಡಿ ತೋರಿಸಿದರೆ ಮೇಲಿನ ಷಡ್ಜ ತಮ್ಮ ಮಧ್ಯಸ್ಥಾಯಿಯ ಪಂಚಮದಲ್ಲೇ ಮುಗಿಯುತ್ತದೆ. ಒಂದು ಸಲ ತೋರಿಸಿ. ಆಮೇಲೆ ಮಕ್ಕಳು ಹಾಡಲಿ, ನೀವು ತಾಳ ಹಾಕಿ, ಸುಮ್ನೆ ಕೇಳಿ. ಜೊತೆಯಲ್ಲೇ ಹಾಡುತ್ತಾ ಹೋದರೆ ಯಾವ ಮಗುವಿನ ಗಾಂಧಾರ (‘ಗ’) ಇಳಿದಿದೆ ಅಂತ ನಿಮಗೆ ಕೇಳಿಸುವುದೂ ಇಲ್ಲ. ಸೀನಿಯರ್ ಆದ ಶಿಷ್ಯೆಯೊಬ್ಬಳಿದ್ದರೆ ಅವಳೇ ಹೇಳಿಕೊಡಲಿ.

ಕೆಲವರು ಇದರ ಉಲ್ಟಾ ಮಾಡುತ್ತಾರೆ. ತಮ್ಮ ಶ್ರುತಿಗೇ ಮಕ್ಕಳನ್ನು ಕೂರಿಸುತ್ತಾರೆ. ಪಾಪ, ಮಕ್ಕಳ ಮಂದ್ರ ಕೇಳಿಸುವುದೇ ಇಲ್ಲ. ನನಗೆ ಇದು ಸರಿಕಾಣುವುದಿಲ್ಲ. ಧ್ವನಿ ಒಡೆಯುವ ವಯಸ್ಸಿನ ಹುಡುಗರದ್ದಂತೂ ಇನ್ನೂ ಕಷ್ಟ. ಶ್ರುತಿ ಇಳಿಸಿ, ಮೆಲ್ಲಗೆ ಹಾಡಿಸಿ, ಸ್ವಲ್ಪ ಕಾಲ ತಾಳ, ಲೆಕ್ಕಾಚಾರ ಜಾಸ್ತಿ ಹೇಳಿಕೊಡಿ. ಪಾಠ ನಿಲ್ಲಿಸಿಬಿಟ್ಟರೆ ಹುಡುಗ ಕ್ರಿಕೆಟ್ಟಿಗೆ ಹೋದವನು ವಾಪಸ್ ಬರುವುದಿಲ್ಲ.

ಈಗ ಆನ್‌ಲೈನ್ ಪಾಠವೂ ಇದೆ. ನಮ್ಮ ಬೆಳಗಿನ ಜಾವ ಅಮೆರಿಕದಲ್ಲಿ ಸಂಜೆ. ಫೀಸು ಚೆನ್ನಾಗಿ ಬರುತ್ತದೆ, ಆದರೆ ನಿಮ್ಮ ಸಾಧನೆಯ ಹೊತ್ತು ಅದೇ. ಬರೀ ‘ಅ’ ಅಂತ ಸ್ವರ ಹಾಡುವ ಅಕಾರ ಸಾಧನೆ ಬಿಟ್ಟು ಕೂತರೆ ಆಕಾಶವಾಣಿಯ ಆಡಿಷನ್ನಿಗೆ ಏನನ್ನು ತೆಗೆದುಕೊಂಡು ಹೋಗುತ್ತೀರಿ? ಒಂದು ಅನುಕೂಲ ಮಾತ್ರ ಇದೆ. ಧ್ವನಿ ತಡವಾಗಿ ತಲುಪುವುದರಿಂದ ಜೊತೆಯಲ್ಲಿ ಹಾಡಲು ಆಗುವುದೇ ಇಲ್ಲ. ಗಂಟಲಿಗೆ ವಿಶ್ರಾಂತಿ.

ಪಿಟೀಲು ಚೌಡಯ್ಯನವರು ನಾದ ಸಾಲದು ಅಂತ ಏಳು ತಂತಿ ಕಟ್ಟಿಸಿಕೊಂಡರು. ಹಾಡುವವರಿಗೆ ಆ ಸೌಕರ್ಯ ಇಲ್ಲ. ಧ್ವನಿ ಎರಡು ಮೂರು ವಾರ ಒಡಕಾಗಿಯೇ ಇದ್ದರೆ ಕಷಾಯ, ಕಲ್ಲುಸಕ್ಕರೆ ಅಂತ ದಿನ ತಳ್ಳಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಮಾತು ಬಾರದ ಮಕ್ಕಳಿಗೆ ಮಾತ್ರ ಅದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಧ್ವನಿಯ ತೊಂದರೆಯನ್ನೂ ಅಲ್ಲಿ ನೋಡುತ್ತಾರೆ.

ಗಂಟಲು ಕೆಟ್ಟ ದಿನ ಪಾಠಕ್ಕೆ ರಜೆ ಕೊಡಿ. ಪಿಸುಮಾತಿನಲ್ಲಿ ಪಾಠ ಮಾಡಬೇಡಿ, ಅದೂ ಗಂಟಲಿಗೆ ಕೆಲಸವೇ. ಫೀಸು ತಿಂಗಳ ಲೆಕ್ಕ, ನಡುವೆ ರಜೆ ಬಿದ್ದರೆ ಕಡಿತ ಇಲ್ಲ ಅಂತ ಮಕ್ಕಳು ಸೇರುವ ದಿನವೇ ಅಪ್ಪ ಅಮ್ಮಂದಿರಿಗೆ ಹೇಳಿಬಿಡಿ. ಸಂಕೋಚ ಬೇಡ.

ನಮಸ್ಕಾರ.